ಹಕ್ಕಿಯೂ ಹಾರುತ್ತದೆ, ಕೋತಿಯೂ ಹಾರುತ್ತದೆ

ಗುರುರಾಜನಿಗೆ ಎತ್ತರವೆಂದರೆ ಆಗದು. ಇದನ್ನು ಅವನು ಯಾರಿಗೂ ಹೇಳಿಕೊಂಡವನಲ್ಲ, ಆದರೆ ನ್ಯೂಯಾರ್ಕಿಗೆ ಹತ್ತಿರದ ಮನ್ರೋ ಊರಿನಲ್ಲಿ ಅವನನ್ನು ಬಲ್ಲ ಎಲ್ಲರಿಗೂ ಗೊತ್ತು. ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಬೇಕಾದರೆ ಕೆಳಗಿನ ಅಂತಸ್ತಿನಲ್ಲೇ, ಅದೂ ನಡುವಿನ ಲೇನಿನಲ್ಲೇ ಹೋಗುತ್ತಾನೆ. ಮಗಳು ಸಾನ್ವಿ ಹ್ಯಾರಿಸನ್‌ನಲ್ಲಿ ಹನ್ನೊಂದನೇ ಮಹಡಿಯ ಅಪಾರ್ಟ್‌ಮೆಂಟ್ ಹಿಡಿದು ಎರಡು ವರ್ಷವಾಯಿತು, ಅವಳ ಬಾಲ್ಕನಿಗೆ ಇನ್ನೂ ಕಾಲಿಟ್ಟಿಲ್ಲ. ಕೇಳಿದರೆ "ಹೊರಗೆ ಚಳಿ" ಅನ್ನುತ್ತಾನೆ, ಆಗಸ್ಟ್ ತಿಂಗಳಲ್ಲೂ. ಇಂಥವನು ಐವತ್ತೇಳನೇ ವಯಸ್ಸಿನಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಯಾವುದೋ ಅಣೆಕಟ್ಟಿನ ಮೇಲಿಂದ ಕಾಲಿಗೆ ಹಗ್ಗ ಕಟ್ಟಿಸಿಕೊಂಡು ತಲೆಕೆಳಗಾಗಿ ಬೀಳಲು ತನ್ನ ಹೆಸರನ್ನು ತಾನೇ ಬರೆಸಿದ. ಯಾರೂ ಬಲವಂತ ಮಾಡಿರಲಿಲ್ಲ.

ಅವನ ಹೆಂಡತಿ ಹಂಸಿನಿ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಅಕ್ಟೋಬರಿನ ಒಂದು ಮಂಗಳವಾರ ಬೆಳಿಗ್ಗೆ ಹತ್ತು ನಿಮಿಷದ ವಿಡಿಯೋ ಕಾಲಿನಲ್ಲಿ ಅವಳನ್ನು ಕೆಲಸದಿಂದ ಲೇಆಫ್ ಮಾಡಿದರು. ಅವಳು ಅಳಲಿಲ್ಲ, ಬೈಯಲಿಲ್ಲ. ಹುಳಿ, ಪಲ್ಯ ಮಾಡಿ ಬಡಿಸಿದಳು, ಆಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಮುಂದೆ ಐದು ತಿಂಗಳು ಹೆಚ್ಚುಕಡಿಮೆ ಅಲ್ಲೇ ಕೂತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಗುರುರಾಜನೋ, ಕೇಳುವ ಪೈಕಿ ಅಲ್ಲ. ಮೈಸೂರಿನ ಅವರ ಮನೆಯಲ್ಲಿ ಗಂಡಸರು ಹೆಂಗಸರ ಮನಸ್ಸನ್ನು ವಿಚಾರಿಸುವ ಪದ್ಧತಿಯೇ ಇರಲಿಲ್ಲ. ಜ್ವರ ಬಂದರೆ ಮಾತ್ರೆ ತಂದುಕೊಡುವುದು, ಸಿಟ್ಟು ಬಂದರೆ ಸ್ವಲ್ಪ ಹೊತ್ತು ಹೊರಗೆ ತಿರುಗಾಡಿ ಬರುವುದು, ಅಲ್ಲಿಗೆ ಮುಗಿಯಿತು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಯಾರೋ ಪುಣ್ಯಾತ್ಮರು ಹೇಳಿಹೋದರು. ಆ ಬಂಗಾರ ಇಟ್ಟುಕೊಂಡು ಅವರೊಂದು ವಾರ ಸಂಸಾರ ಮಾಡಿ ತೋರಿಸಬೇಕಿತ್ತು.

ಯುರೋಪಿನ ಮಾತು ತೆಗೆದವಳು ಸಾನ್ವಿ. ಬಸ್ಸಿನಲ್ಲಿ ಕೂತು ಚರ್ಚುಗಳನ್ನು ನೋಡಿಕೊಂಡು ಬರುವ ಟೂರ್ ಬೇಡ, ಬೆಟ್ಟ ಹತ್ತಿ, ಸೈಕಲ್ ಹೊಡೆಯಿರಿ, ಹುಟ್ಟಿದಮೇಲೆ ಮಾಡದ ಏನಾದರೊಂದು ಮಾಡಿ ಎಂದು ಇಂಗ್ಲಿಷಿನಲ್ಲಿ ಗದರಿ, ಅಪ್ಪ ಅಮ್ಮನಿಗೆ ಹತ್ತಾರು ವಿಡಿಯೋ ಕಳಿಸಿದಳು. ಮಾರ್ಚ್‌ನ ಒಂದು ಭಾನುವಾರ ಊಟವಾದ ಮೇಲೆ ಗಂಡಹೆಂಡತಿ ಅವನ್ನು ಟೀವಿಗೆ ಹಾಕಿಕೊಂಡು ಕೂತರು. ಗುರುರಾಜನ ಕಣ್ಣು ಎಂದಿನಂತೆ ಫೋನಿನ ಮೇಲಿತ್ತು.

"ರೀ, ಅಲ್ಲಿಗೆ ಹೋದ್ರೆ ನಾನೂ ಒಂದ್ಸಲ ಹಾರ್ಬೇಕು," ಅಂದಳು ಹಂಸಿನಿ.

ಐದು ತಿಂಗಳಲ್ಲಿ ಅವಳು ಬೇಕು ಅಂದದ್ದು ಅದೇ ಮೊದಲು. ಗುರುರಾಜ ತಟ್ಟನೆ ತಲೆ ಎತ್ತಿದ. ಟೀವಿಯಲ್ಲಿ ಒಬ್ಬಳು ಅಣೆಕಟ್ಟಿನ ಅಂಚಿನಲ್ಲಿ ನಿಂತು, ಎರಡೂ ಕೈ ಚಾಚಿ, ಪಾತಾಳಕ್ಕೆ ಹಾರಿದಳು. ಕಾಲಿಗೆ ಕಟ್ಟಿದ ರಬ್ಬರ್ ಹಗ್ಗ ಅವಳ ಹಿಂದೆ ಸುರುಳಿ ಬಿಚ್ಚಿಕೊಳ್ಳುತ್ತಾ ಹೋಯಿತು. ನೋಡಿದ್ದಕ್ಕೇ ಗುರುರಾಜನ ಅಂಗಾಲು ಬೆವರಿತು.

ಅವನು ತಲೆ ಎತ್ತಿದ್ದು ಎರಡು ಸೆಕೆಂಡು ತಡವಾಗಿತ್ತು. ಎರಡು ಸೆಕೆಂಡಿನ ಹಿಂದೆ ಅದೇ ಟೀವಿಯಲ್ಲಿ, ಇಬ್ಬರನ್ನು ಹಗ್ಗಗಳಲ್ಲಿ ತೂಗಿಸಿಕೊಂಡು, ಒಂದು ಕೆಂಪು ಪ್ಯಾರಾಗ್ಲೈಡರ್ ಹಸಿರು ಕಣಿವೆಯ ಮೇಲೆ ನಿಧಾನಕ್ಕೆ ತೇಲುತ್ತಿತ್ತು. ಹಂಸಿನಿ ಹೇಳಿದ್ದು ಅದನ್ನು. ಕನ್ನಡದಲ್ಲಿ ಹಕ್ಕಿಯೂ ಹಾರುತ್ತದೆ, ಕೋತಿಯೂ ಹಾರುತ್ತದೆ. ಎರಡಕ್ಕೂ ಒಂದೇ ಮಾತು ಸಾಕೆಂದು ನಮ್ಮ ಹಿರಿಯರು ಕೈತೊಳೆದುಕೊಂಡರು. ಹೆಂಡತಿ ಹಕ್ಕಿಯ ಹಾಗೆ ಅಂದಳು, ಗಂಡನಿಗೆ ಕೋತಿಯ ಹಾಗೆ ಕೇಳಿಸಿತು.

ಅವಳು ಹೇಳಿದ್ದೇ ತಡ, ಗುರುರಾಜ ಅಡುಗೆಮನೆಗೆ ಹೋಗಿ ಮಗಳಿಗೆ ಫೋನ್ ಮಾಡಿದ.

"ಅಮ್ಮ ವಾಂಟ್ಸ್ ಟು ಜಂಪ್," ಅಂದ.

"ಅಪ್ಪಾ, ಆರ್ ಯೂ ಶೂರ್? ಅಮ್ಮಾ?"

"ಅವಳೇ ಬಾಯಿಬಿಟ್ಟು ಹೇಳಿದ್ದು. ಆ ಅಣೆಕಟ್ಟಿನ ವಿಡಿಯೋ ಇದೆಯಲ್ಲ, ಅದು."

"ವಾವ್. ಓಕೆ, ಐ ವಿಲ್ ಬುಕ್ ಇಟ್."

ಜೂನ್ ಕೊನೆಯ ವಾರಕ್ಕೆ ಬಂಜಿ ಜಂಪ್ ಬುಕ್ ಆಯಿತು. "ನೀನು ಹಾರೋದು ಗಟ್ಟಿ ಆಯ್ತು ಅಂತ ಇಟ್ಕೋ," ಎಂದು ಗುರುರಾಜ ಹೆಂಡತಿಗೆ ಹೇಳಿದಾಗ ಅವಳ ಮುಖ ಅರಳಿತು. ಮಾರನೇ ದಿನವೇ ಹೋಗಿ ಹೊಸ ಶೂ ತಂದಳು. ಬೆಳಿಗ್ಗೆ ಎದ್ದು ಅರ್ಧ ಗಂಟೆ ನಡೆಯತೊಡಗಿದಳು, ಆಮೇಲೆ ಅದು ಒಂದು ಗಂಟೆಯಾಯಿತು. ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಈಗ ಮಡಚಬೇಕಾದ ಬಟ್ಟೆ ಕೂತಿತು.

ಗುರುರಾಜನಿಗೆ ಸಂತೋಷವಾಯಿತು. ಅದರ ಬೆನ್ನಿಗೇ ತಲೆಯಲ್ಲಿ ಹುಳ ಹೊಕ್ಕಿತು. ಕಾರು ಗರಾಜಿನಿಂದ ಹೊರಬರುವ ಮೊದಲೇ ಎಲ್ಲರ ಸೀಟ್‌ಬೆಲ್ಟ್ ಎಳೆದು ನೋಡುವವಳು ಹಂಸಿನಿ. ಎಸ್ಕಲೇಟರ್ ಮೇಲೆ ಹಿಡಿಕೆ ಬಿಟ್ಟವಳಲ್ಲ. ಅವಳಿಗೆ ಅಣೆಕಟ್ಟಿನ ಮೇಲಿಂದ ಹಾರುವ ಆಸೆ ಎಲ್ಲಿಂದ ಬಂತು?

ಇದನ್ನು ಅವನು ಹೆಂಡತಿಯನ್ನೇ ಕೇಳಬಹುದಿತ್ತು. ಕೇಳಿದ್ದು ಈಶಣ್ಣನವರನ್ನು. ಈಶಣ್ಣ ಧಾರವಾಡದವರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಎರಡು ಬೀದಿ ಆಚೆಗಿನ ಮನೆ. ಅರವತ್ತೆಂಟು ವಯಸ್ಸಿನಲ್ಲಿ ಆಸ್ಟ್ರಿಯಾದ ನದಿಯಲ್ಲಿ ರಬ್ಬರ್ ದೋಣಿಯಲ್ಲಿ ಕೂತು ಬಂಡೆಗಳ ನಡುವೆ ಹಾದುಬಂದದ್ದನ್ನು ಕಂಡಕಂಡವರಿಗೆಲ್ಲ ಹೇಳಿ ಮುಗಿಸಿ, ಈಗ ಎರಡನೇ ಸುತ್ತು ಹೇಳುತ್ತಿದ್ದರು. ಏಪ್ರಿಲ್‌ನ ಒಂದು ಶನಿವಾರ ವಾಕಿಂಗಿನಲ್ಲಿ ಗುರುರಾಜ ವಿಷಯ ತೆಗೆದ.

"ಅಲ್ರೀ, ನಿಮ್ಮ ಮನಿಯವ್ರು ತಾವಾಗೇ ಹಾರ್ತೀನಿ ಅಂದ್ರೇನು?" ಎಂದು ಕೇಳಿದರು ಈಶಣ್ಣ.

"ಹೂಂ, ತಾನಾಗೇ."

"ಅವ್ರ ಕೆಲಸ ಹೋಗಿ ಎಷ್ಟು ದಿನ ಆತು?"

"ಆರು ತಿಂಗಳಾಯ್ತು. ಅವತ್ತಿಂದ ಮಾತೇ ಕಡಿಮೆ ಆಗಿತ್ತು. ಈಗ ಪರವಾಗಿಲ್ಲ."

ಈಶಣ್ಣ ನಾಲ್ಕು ಹೆಜ್ಜೆ ಸುಮ್ಮನೆ ನಡೆದರು. ಅವರು ನಾಲ್ಕು ಹೆಜ್ಜೆ ಸುಮ್ಮನಿದ್ದದ್ದೇ ಗುರುರಾಜನಿಗೆ ಹೆದರಿಕೆ ಹುಟ್ಟಿಸಿತು.

"ತಪ್ಪು ತಿಳೀಬ್ಯಾಡ್ರಿ. ನಮ್ಮ ಕಡೆ ಹೆಣ್ಮಕ್ಕಳು ಮಾತು ಬಿಟ್ಟು ಕುಂತು, ಒಂದಿನ ಹಾರ್ತೀನಿ ಅಂದ್ರ, ಮನಿ ಮಂದಿ ಎದ್ದು ಬಾವಿ ಕಡೆ ಓಡ್ತಾರ. ಹಂಗ ಅದ ಅಂತ ನಾ ಅನ್ನಂಗಿಲ್ಲ. ಒಂದ್ ಮಾತು ಕೇಳಿ ನೋಡ್ರಿ, ಅಷ್ಟ."

ಒಂದು ಮಾತು. ಅದು ಎಷ್ಟು ಭಾರದ್ದೆಂದು ಈಶಣ್ಣನವರಿಗೇನು ಗೊತ್ತು. ಗುರುರಾಜ ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. "ಹಂಸಿನಿ, ನಿನಗೇನಾದ್ರೂ..." ಎನ್ನುವವರೆಗೆ ಬರುತ್ತಿತ್ತು, ಮುಂದಿನದು ಬರುತ್ತಿರಲಿಲ್ಲ. ಧೈರ್ಯ ಮಾಡಿ ಒಂದು ಸಂಜೆ ಅವಳೆದುರು ಹೋಗಿ ಕೂತು, "ಹಂಸಿನಿ, ನಿನಗೇನಾದ್ರೂ ಕಾಫಿ ಬೇಕಾ?" ಎಂದು ಕೇಳಿ ಎದ್ದುಬಂದ.

ಅವಳು ಗೆಲುವಾಗಿದ್ದಳಲ್ಲ, ಹಾಗಿದ್ದಮೇಲೆ ಏನೂ ಇರಲಾರದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಆದರೆ ಅಂಥ ನಿರ್ಧಾರ ಮಾಡಿದವರು ಕೆಲವೊಮ್ಮೆ ಗೆಲುವಾಗಿಯೇ ಕಾಣುತ್ತಾರೆಂದು ಇಂಟರ್‌ನೆಟ್ಟಿನಲ್ಲಿ ಎಲ್ಲೋ ಓದಿ, ಇದ್ದ ಸಮಾಧಾನವೂ ಹೋಯಿತು. ಅವಳು ನಕ್ಕರೆ ಭಯ, ಸುಮ್ಮನಿದ್ದರೆ ಇನ್ನೂ ಭಯ. ಬುಕಿಂಗ್ ಕ್ಯಾನ್ಸಲ್ ಮಾಡೋಣವೆಂದರೆ, ಐದು ತಿಂಗಳಲ್ಲಿ ಬೇಕು ಅಂದ ಒಂದೇ ಒಂದನ್ನು ಕಿತ್ತುಕೊಂಡಂತಾಗುತ್ತದೆ. ಅತ್ತ ದರಿ, ಇತ್ತ ಪುಲಿ. ನ್ಯೂಯಾರ್ಕಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಇದನ್ನೇ ತಿರುವಿಹಾಕುತ್ತಾ, ಇಳಿಯಬೇಕಾದ ಕಡೆ ಎಲ್ಲರೂ ಇಳಿದಮೇಲೂ ಕೂತಿರುತ್ತಿದ್ದ. ಡ್ರೈವರ್ ಬಂದು ಕರೆಯಬೇಕಾಗುತ್ತಿತ್ತು.

ಅಂಥ ಒಂದು ದಿನ ಆಫೀಸಿನಿಂದಲೇ ಮಗಳಿಗೆ ಫೋನ್ ಮಾಡಿದ. "ಅಮ್ಮನ ಜೊತೆ ನನಗೂ ಒಂದು ಬುಕ್ ಮಾಡು."

"ಅಪ್ಪಾ, ಯೂ ಡೋಂಟ್ ಈವನ್ ಸ್ಟೆಪ್ ಆನ್ ಮೈ ಬಾಲ್ಕನಿ."

"ಮಾಡು ಪುಟ್ಟಿ," ಅಂದ. ಹೇಗೆ ಮಾಡಬೇಕೆಂದೂ ಹೇಳಿ ಫೋನಿಟ್ಟ.

ರಾತ್ರಿ ಊಟಕ್ಕೆ ಕೂತಾಗ ಹಂಸಿನಿಗೆ ತಿಳಿಸಿದ. "ನಾನೂ ಹಾರ್ತೀನಿ."

"ನೀವಾ?" ಅವಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಭಯ ಆಗಲ್ವಾ?"

"ಏನ್ ಭಯ. ಹಗ್ಗ ಇರುತ್ತಲ್ಲ."

"ಒಂದಾ ಎರಡಾ? ಹತ್ತಾರು ಹಗ್ಗ ಇರುತ್ತೆ. ನಾನು ಓದಿದೀನಿ," ಎಂದು ಹಂಸಿನಿ ಉತ್ಸಾಹದಿಂದ ಇನ್ನೊಂದು ಸೌಟು ಹುಳಿ ಬಡಿಸಿದಳು.

ಗುರುರಾಜ ಆ ವಿಡಿಯೋವನ್ನು ಹನ್ನೆರಡು ಸಲ ನೋಡಿದ್ದ. ಇದ್ದದ್ದು ಒಂದೇ ಹಗ್ಗ. ಅವಳು ತನಗೆ ಧೈರ್ಯ ಹೇಳಲು ಸುಳ್ಳು ಹೇಳುತ್ತಿದ್ದಾಳೋ, ಅವಳಿಗೆ ಯಾರಾದರೂ ಸುಳ್ಳು ಹೇಳಿದ್ದಾರೋ ತಿಳಿಯದೆ, ತಟ್ಟೆಯಲ್ಲಿದ್ದದ್ದನ್ನು ತಿಂದು ಎದ್ದ.

ಮೇ ತಿಂಗಳಿಗೆ ಅವಳ ನಡಿಗೆಯ ದಾರಿ ಬದಲಾಯಿತು. ಮನೆಯ ಸುತ್ತ ನಡೆಯುವುದನ್ನು ಬಿಟ್ಟು, ಕಾರು ತೆಗೆದುಕೊಂಡು ಒಬ್ಬಳೇ ಎಲ್ಲಿಗೋ ಹೋಗಿ, ಬೆವರಿಕೊಂಡು ಬರುತ್ತಿದ್ದಳು. ಎರಡು ಶನಿವಾರ ಗುರುರಾಜ ತಡೆದುಕೊಂಡ. ಮೂರನೇ ಶನಿವಾರ ತನ್ನ ಕಾರಿನಲ್ಲಿ ಹಿಂದೆಯೇ ಹೋದ. ಹೆಂಡತಿಯ ಹಿಂದೆ ಕದ್ದು ಹೋಗುವುದಕ್ಕೆ ಅವನಿಗೆ ನಾಚಿಕೆಯಾಗಲಿಲ್ಲ, ಬಾಯಿಬಿಟ್ಟು ಕೇಳುವುದಕ್ಕೆ ಮಾತ್ರ ಆಗುತ್ತಿತ್ತು.

ಅವಳು ಹೋದದ್ದು ಪಾರ್ಕಿಗೆ. ಅಲ್ಲಿ ಚಳಿಗಾಲದಲ್ಲಿ ಮಕ್ಕಳು ಹಿಮದ ಮೇಲೆ ಜಾರುವ ಒಂದು ದಿಬ್ಬವಿದೆ. ಹಂಸಿನಿ ಅದರ ನೆತ್ತಿ ಹತ್ತಿ ನಿಂತಳು, ಕೈಗಳನ್ನು ಹಿಂದಕ್ಕೆ ಚಾಚಿದಳು, ಇಳಿಜಾರಿನಲ್ಲಿ ಜೋರಾಗಿ ಹತ್ತು ಹೆಜ್ಜೆ ಓಡಿ ಗಕ್ಕನೆ ನಿಂತಳು. ಮತ್ತೆ ಹತ್ತಿ ಹೋದಳು, ಮತ್ತೆ ಓಡಿದಳು. ಗುರುರಾಜ ಕಾರಿನಲ್ಲಿ ಕೂತು ಏಳು ಸಲ ನೋಡಿದ. ಐವತ್ತೆರಡು ವರ್ಷದ ಹೆಂಗಸು, ಕುರ್ತಾದ ಮೇಲೆ ಜಾಕೆಟ್ಟು, ಕಾಲಲ್ಲಿ ಹೊಸ ಶೂ, ಬೆಳಗಿನ ಎಂಟು ಗಂಟೆಯಲ್ಲಿ ಹೀಗೆ ಓಡಿ ನಿಲ್ಲುವುದಕ್ಕೆ ಅವನು ಬಲ್ಲ ಯಾವ ಕಾರಣವೂ ಹೊಂದಲಿಲ್ಲ. ಎಂಟನೇ ಸಲಕ್ಕೆ ಅವನು ಕಾರಿಳಿದು ದಿಬ್ಬದ ಬುಡಕ್ಕೆ ಹೋದ.

"ಇದೇನಿದು?"

"ನೀವ್ಯಾವಾಗ ಬಂದ್ರಿ?" ಹಂಸಿನಿ ಏದುಸಿರು ಬಿಡುತ್ತಾ ಹೇಳಿದಳು. "ಓಡೋ ಪ್ರಾಕ್ಟೀಸು. ಹತ್ತು ಹೆಜ್ಜೆ ಓಡ್ಲೇಬೇಕಂತೆ, ಮಧ್ಯದಲ್ಲಿ ಕೂತ್ಬಿಡ್ಬಾರ್ದಂತೆ. ಪೈಲಟ್ ಬೆನ್ನ ಹಿಂದೇನೇ ಇರ್ತಾರೆ, ಆದ್ರೂ ನಮ್ಮ ಕಾಲಲ್ಲಿ ನಾವೇ ಓಡ್ಬೇಕು. ನೀವೂ ಶುರು ಮಾಡಿ, ಇನ್ನು ಒಂದೇ ತಿಂಗಳು."

"ಯಾವ ಪೈಲಟ್?"

"ಹಾರಿಸೋ ಪೈಲಟ್."

"ಅಣೆಕಟ್ಟಿನ ಮೇಲೆ ಪೈಲಟ್ ಯಾಕೆ?"

"ಯಾವ ಅಣೆಕಟ್ಟು?"

ಗುರುರಾಜ ಫೋನ್ ತೆಗೆದು ಬುಕಿಂಗ್ ತೋರಿಸಿದ. ಹಂಸಿನಿ ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ತಂದು, ಮೇಲಿಂದ ಕೆಳಗೆ ಎರಡು ಸಲ ಓದಿದಳು.

"ನಾನು ಹಾರ್ಬೇಕು ಅಂದೆ. ಬೀಳ್ಬೇಕು ಅಂದೆನಾ?"

ಗುರುರಾಜ ಒದ್ದೆ ಹುಲ್ಲಿನ ಮೇಲೆಯೇ ಕೂತುಬಿಟ್ಟ. ಅವಳು ಕೇಳಿದ್ದು ಆಕಾಶವನ್ನು, ಪ್ರಪಾತವನ್ನಲ್ಲ ಎಂಬುದು ತಲೆಗೆ ಹೋದ ಕೂಡಲೇ, ಎರಡು ತಿಂಗಳು ಕಟ್ಟಿಹಾಕಿದ್ದ ನಾಲಿಗೆ ಸಡಿಲವಾಯಿತು. ಈಶಣ್ಣ ಹೇಳಿದ ಬಾವಿಯ ಮಾತು, ಇಂಟರ್‌ನೆಟ್ಟಿನಲ್ಲಿ ಓದಿದ್ದು, ಬಸ್ಸಿನಲ್ಲಿ ಇಳಿಯದೆ ಕೂತದ್ದು, ಎಲ್ಲವನ್ನೂ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ.

ಹಂಸಿನಿ ಫೋನನ್ನು ಅವನ ಕೈಗೆ ವಾಪಸು ಕೊಟ್ಟಳು.

"ನಾನು ಸಾಯೋಕೆ ಹೊರಟಿದೀನಿ ಅಂದ್ಕೊಂಡ್ರಿ."

"ಗೊತ್ತಾಗ್ಲಿಲ್ಲ. ಇದ್ರೂ ಇರಬಹುದು ಅನ್ನಿಸ್ತು."

"ಅನ್ನಿಸ್ತು. ಆದ್ರೂ ಒಂದು ಮಾತು ಕೇಳ್ಲಿಲ್ಲ. ಕ್ಯಾನ್ಸಲ್ಲೂ ಮಾಡ್ಲಿಲ್ಲ." ಅವಳ ದನಿ ಏರಿತು. "ಅದರ ಬದಲು ನೀವೂ ಒಂದು ಬುಕ್ ಮಾಡ್ಕೊಂಡ್ರಿ. ಯಾಕೆ, ಜೊತೇಲಿ ಹೋಗೋಣ ಅಂತಾನಾ? ಸಾನ್ವಿ ನೆನಪಾಗ್ಲಿಲ್ವಾ ನಿಮಗೆ?"

"ಜೊತೇಲಲ್ಲ," ಅಂದ ಗುರುರಾಜ. "ನಂದು ಮೊದಲು. ಒಂಬತ್ತೂವರೆಗೆ ನಂದು, ಒಂಬತ್ತು ಮುಕ್ಕಾಲಿಗೆ ನಿಂದು. ಹಾಗೇ ಆಗ್ಬೇಕು ಅಂತ ಸಾನ್ವಿಗೆ ಹೇಳಿ ಮಾಡಿಸ್ದೆ."

"ಯಾಕೆ?"

"ನೀನು ಬರೋ ಹೊತ್ತಿಗೆ ಕೆಳಗೆ ನಾನಿರ್ಲಿ ಅಂತ."

"ಕೆಳಗಿದ್ದು ಏನ್ ಮಾಡ್ತಿದ್ರಿ? ಕೈ ಚಾಚಿ ಹಿಡ್ಕೊಳ್ತಿದ್ರಾ?"

ಗುರುರಾಜ ಪ್ರಾಮಾಣಿಕವಾಗಿ ಯೋಚಿಸಿದ. "ಗೊತ್ತಿಲ್ಲ. ಅಲ್ಲೀವರೆಗೆ ಯೋಚನೆ ಮಾಡಿರ್ಲಿಲ್ಲ."

ಹಂಸಿನಿ ಅವನೆದುರು ಅದೇ ಒದ್ದೆ ಹುಲ್ಲಿನ ಮೇಲೆ ಕೂತಳು. ಕೂತು, ಮುಖಕ್ಕೆ ಜಾಕೆಟ್ಟಿನ ತೋಳು ಒತ್ತಿಕೊಂಡು ಅಳತೊಡಗಿದಳು. ಅದು ಸಿಟ್ಟಿನ ಅಳುವೋ, ಇಷ್ಟು ದಿನದ ದುಃಖವೋ, ಬೇರೆಯೇ ಏನೋ, ಗುರುರಾಜನಿಗೆ ಗೊತ್ತಾಗಲಿಲ್ಲ. ಗೊತ್ತಾಗದ್ದರಿಂದ ಅವಳನ್ನೇ ಕೇಳಿದ.