ಇಳೀರಿ, ಪರಪ್ಪ ಹಾಕ್ರಿ

ರೇಣವ್ವನಿಗೆ ಆ ದಿನ ಯಾರ ಮೇಲೆ ಸಿಟ್ಟು ಬಂದಿತ್ತೆಂದು ಕೇಳಬೇಡಿ, ಯಾರ ಮೇಲೆ ಬಂದಿರಲಿಲ್ಲ ಅಂತ ಕೇಳಿ. ನಸುಕಿನಲ್ಲೇ ಇಂಗಳೇಶ್ವರ ಬಿಟ್ಟವಳು, ಬಾಗೇವಾಡಿಯಲ್ಲೊಮ್ಮೆ, ವಿಜಾಪುರದಲ್ಲೊಮ್ಮೆ ಬಸ್ಸು ಬದಲಿಸಿ ಝಳಕಿ ಮುಟ್ಟುವಷ್ಟರಲ್ಲಿ ಹತ್ತು ಹೊಡೆದಿತ್ತು. ಹನ್ನೊಂದಕ್ಕೆ ಚಡಚಣದಲ್ಲಿ ತಮ್ಮ ಶ್ರೀಶೈಲಪ್ಪನ ಮಗನ ತೊಟ್ಟಿಲು. ಚಡಚಣ ಇನ್ನೂ ಮುಕ್ಕಾಲು ತಾಸಿನ ಹಾದಿ. ಇಂಥ ಹೊತ್ತಿನಲ್ಲಿ ಡ್ರೈವರ್ ಫಕೀರಸಾಬ ಇಂಜಿನ್ ಆರಿಸಿ, ಬೀಡಿ ಹಚ್ಚಿಕೊಂಡು, ಚಹಾದಂಗಡಿಗೆ ನಡೆದುಬಿಟ್ಟ.

ಸೋದರತ್ತೆ ಇಲ್ಲದ ತೊಟ್ಟಿಲು ಎಂಥದ್ದು? ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಹೇಳುವವಳೇ ಅವಳು. ಹೇಳಿದ ಕೂಡಲೆ ನೆರೆದ ಹೆಂಗಸರು ಅವಳ ಬೆನ್ನಿಗೆ ಧಬಧಬ ಗುದ್ದಬೇಕು. ಗುದ್ದು ಬಿದ್ದರೇ ಹೆಸರು ಕೂತ ಹಾಗೆ. ಮೊದಲ ಗಂಡುಕೂಸಿಗೆ ತೀರಿಹೋದ ಅಜ್ಜನ ಹೆಸರಿಡುವುದೂ ಅವರ ಮನೆತನದ ರೂಢಿ. ಆದರೆ ತಮ್ಮ ಬರೆದ ಕಾಗದ ನೋಡಿ: ‘ಹೆಸರು ಪ್ರದೀಪ ಅಂತ ಠರಾಯಿಸೇವಿ. ನೀ ಹನ್ನೊಂದರೊಳಗ ಬರದಿದ್ರ ಕಸ್ತೂರಿ ತಂಗಿ ಸೀತವ್ವ ಹೇಳ್ತಾಳ.’ ಕಸ್ತೂರಿಯೆಂದರೆ ಅವನ ಹೆಂಡತಿ ಕಸ್ತೂರೆವ್ವ, ಚಡಚಣ ಅವಳ ತವರು. ಹೆಂಡತಿಯ ತಂಗಿ ಹೇಳುತ್ತಾಳಂತೆ, ಭಲೆ ತಮ್ಮ.

ಆ ಅಜ್ಜನ, ಅಂದರೆ ರೇಣವ್ವನ ಅಪ್ಪನ ಹೆಸರು ಪರಪ್ಪ. ತಕರಾರೇ ಅದು.

ಈ ಝಳಕಿಯವನೇ ಪರಪ್ಪ. ಹೊಲ ರಸ್ತೆಗೆ ಹತ್ತಿಕೊಂಡೇ ಇತ್ತು. ಕೆಟ್ಟು ನಿಂತ ಗಾಡಿ ಕಂಡರೆ ಸಾಕು, ಎತ್ತು ನಿಲ್ಲಿಸಿ ಓಡಿಬಂದು ಹೆಗಲು ಕೊಡುತ್ತಿದ್ದ. ನೂಕಿ ದಣಿದವರಿಗೆ ಮಜ್ಜಿಗೆ ಕೊಟ್ಟು, ಸಾಕು ಸಾಕೆಂದರೂ ಮೇಲೊಂದು ಸೌಟು ಸುರಿಯುತ್ತಿದ್ದ. ಸೊಲ್ಲಾಪುರದಿಂದ ವಿಜಾಪುರದವರೆಗೆ ಡ್ರೈವರುಗಳ ಬಾಯಲ್ಲಿ ಅವನ ಹೆಸರು ಎಲ್ಲೆಲ್ಲೋ ಬೆಳೆಯಿತು. ಗಾಡಿ ನೂಕುವುದೆಂದರೆ ‘ಪರಪ್ಪ ಹಾಕೋದು’. ಕೇಳದೆ ಬಡಿಸಿದ್ದು ‘ಮ್ಯಾಲೊಂದು ಪರಪ್ಪ’. ಹೊತ್ತು ಮೀರಿ ಬಂದವನು ‘ಪರಪ್ಪ ಆದವನು’. ಮಂದಿಯ ಕೆಲಸಕ್ಕೆ ಓಡಾಡಿ ತನ್ನದನ್ನು ಕೆಡಿಸಿಕೊಂಡ ಪೆದ್ದನೂ ಪರಪ್ಪನೇ.

ಈ ಕೊನೆಯ ಎರಡು ಮಾತು ಹುಟ್ಟಿದ್ದು ಒಂದೇ ದಿನ. ಮ್ಯಾಟ್ರಿಕ್ ಪರೀಕ್ಷೆಗೆಂದು ಮಗನನ್ನು ಸೈಕಲ್ಲಿನ ಮೇಲೆ ಇಂಡಿಗೆ ಕರೆದೊಯ್ಯುವಾಗ ಹಾದಿಯಲ್ಲೊಂದು ಲಾರಿ ನಿಂತಿತ್ತು. ಪರಪ್ಪ ಸುಮ್ಮನೆ ಹೋದಾನೆಯೇ? ಇಳಿದ, ನೂಕಿದ. ಶ್ರೀಶೈಲಪ್ಪ ಗಣಿತದ ಪೇಪರಿಗೆ ಅರ್ಧ ತಾಸು ತಡವಾಗಿ ಕೂತ. ಪಾಸೇನೋ ಆಗಿ ಈಗ ಇಂಡಿಯಲ್ಲಿ ಗುಮಾಸ್ತನಾಗಿದ್ದಾನೆ. ಆದರೆ ಅಲ್ಲೂ ‘ಏನೋ ಪರಪ್ಪನ ಮಗಾ’ ಅಂದು ಹಲ್ಲು ಕಿಸಿಯುವವರಿದ್ದಾರೆ. ಅಪ್ಪ ಸತ್ತು ಆರು ವರ್ಷವಾದರೂ ಅವನ ಹೊಟ್ಟೆಯುರಿ ತಣ್ಣಗಾಗಿರಲಿಲ್ಲ.

ರೇಣವ್ವನ ಗಂಟಿನಲ್ಲಿ ಅಪ್ಪನ ಹಳೇ ರುಮಾಲು ಕತ್ತರಿಸಿ ಹೊಲಿದ ಕುಲಾಯಿ ಇತ್ತು, ಕೂಸಿನ ತಲೆಗೆ. ಇವತ್ತು ತಪ್ಪಿದರೆ ಅಪ್ಪನ ಹೆಸರು ಮನೆಯೊಳಗೆ ಉಳಿಯುವುದಿಲ್ಲ, ಬೀದಿಯಲ್ಲಷ್ಟೇ ಉಳಿಯುತ್ತದೆ.

ಫಕೀರಸಾಬ ಬಂದು ಗಾಡಿ ಚಾಲೂ ಮಾಡಿದ. ಅದು ಒಮ್ಮೆ ಕೆಮ್ಮಿ ಸುಮ್ಮನಾಯಿತು.

“ಬ್ಯಾಟರಿ ಸತ್ತೈತಿ. ಇಳೀರಿ ಎಲ್ಲಾರೂ, ಪರಪ್ಪ ಹಾಕ್ರಿ,” ಅಂದ.

ದಡದಡ ಇಳಿದರು ನೋಡಿ. ದ್ರಾಕ್ಷಿ ಬುಟ್ಟಿಯವರು ಇಳಿದರು, ಇಸ್ತ್ರಿ ಅಂಗಿಯ ಮಾಸ್ತರರು ಇಳಿದರು, ದಮ್ಮಿನ ಮುದುಕನೊಬ್ಬ ಕೋಲು ಸೀಟಿನ ಮೇಲೆಯೇ ಬಿಟ್ಟು ಇಳಿದ. ರೇಣವ್ವ ಸೆರಗು ಬಿಗಿದು ಬಸ್ಸಿನ ಹಿಂದೆ ಹೋಗಿ ನಿಂತಳು.

“ಯವ್ವಾ, ನೀವ್ಯಾಕ್ರಿ? ಒಳಗ ಕುಂದರ್ರಿ,” ಅಂದ ಕಂಡಕ್ಟರ್.

“ನಾ ಪರಪ್ಪನ ಮಗಳದೇನಿ. ನಾನ ಕುಂತ್ರ ಹೆಂಗೋ ಯಪ್ಪಾ?”

ಫಕೀರಸಾಬ ಕಿಡಕಿಯಿಂದ ತಲೆ ಹೊರಹಾಕಿ ಅವಳನ್ನೇ ನೋಡಿದ. “ಮಜ್ಜಿಗಿ ಪರಪ್ಪಜ್ಜನ ಮಗಳಾ? ಎಲ್ಲಿಗೆ ಹೊಂಟೀಯವ್ವಾ?”

ನೂಕುತ್ತಲೇ, ಏದುಸಿರು ಬಿಡುತ್ತಲೇ, ಅವಳು ಎಲ್ಲವನ್ನೂ ಒದರಿಬಿಟ್ಟಳು. ಬಸ್ಸು ಇಪ್ಪತ್ತು ಮಾರು ಉರುಳಿ ಢರ್ ಎಂದು ಜೀವ ಹಿಡಿಯಿತು. ಓಡಿ ಹತ್ತಿದವರೆಲ್ಲ ಈಗ ಅವಳ ಮಂದಿಯೇ ಆಗಿಬಿಟ್ಟಿದ್ದರು. “ಸಾಬಣ್ಣಾ, ತುಳಿ,” ಅಂದರು ಮಾಸ್ತರರು. “ಎಲ್ಲೂ ನಿಲ್ಲಿಸಬ್ಯಾಡ, ನಮ್ಮೂರಾಗೂ ಬ್ಯಾಡ, ನಾ ನಡಕೊಂತ ಹೊಳ್ಳಿ ಬರ್ತೇನಿ,” ಅಂದ ಮುದುಕ. ಫಕೀರಸಾಬ ತುಳಿದ. ತಗ್ಗುದಿನ್ನೆಯಲ್ಲಿ ಬುಟ್ಟಿಗಳು ಹಾರಿ ಬಿದ್ದವು, ದ್ರಾಕ್ಷಿ ಚೆಲ್ಲಿ ಉರುಳಾಡಿತು, ಒಬ್ಬರೂ ತಕರಾರು ತೆಗೆಯಲಿಲ್ಲ. ಅಪ್ಪನ ಹೆಸರು ಹಿಡಿದು ಜನ ನಗುವುದನ್ನು ಅವಳು ಕೇಳಿದ್ದಳು. ಆ ಹೆಸರಿಗಾಗಿ ಜನ ಹೀಗೆ ಹುಮ್ಮಸ್ಸಿನಿಂದ ಹಾರಾಡುವುದನ್ನು ಕಂಡದ್ದು ಅದೇ ಮೊದಲು. ಸಿಟ್ಟೆಲ್ಲ ಎತ್ತ ಹೋಯಿತೋ, ಅವಳಿಗೆ ನಗು ಬಂತು, ನಗುವಿನ ಜೊತೆಗೆ ಅಳುವೂ ಬಂತು.

ಚಡಚಣದಲ್ಲಿ ಬಸ್ಸು ನಿಲ್ದಾಣಕ್ಕೆ ಹೋಗದೆ ನೇರ ಕಸ್ತೂರೆವ್ವನ ತವರುಮನೆಯ ಮುಂದೆ ನಿಂತಿತು. ಒಳಗೆ ಸೀತವ್ವ ಆಗಲೇ ತೊಟ್ಟಿಲಿಗೆ ಬಗ್ಗಿ ‘ಕುರ್ರ್’ ಅನ್ನುತ್ತಿದ್ದಳು.

“ತಡೀ ನನ್ನವ್ವಾ,” ಅನ್ನುತ್ತ ರೇಣವ್ವ ಹೆಂಗಸರ ನಡುವೆ ನುಗ್ಗಿದಳು. ಸೀತವ್ವ ಹಿಂದೆ ಸರಿದಳು. ರೇಣವ್ವ ಕೂಸಿಗೆ ಕುಲಾಯಿ ಕಟ್ಟಿ, ಕಿವಿಯಲ್ಲಿ ಹೇಳಿ, ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಹೇಳಿದಳು: “ಪರಪ್ಪ.”

ಗುದ್ದಬೇಕಲ್ಲ? ಒಂದು ಕೈಯೂ ಏಳಲಿಲ್ಲ. ಎಲ್ಲರೂ ಬಾಗಿಲಲ್ಲಿ ನಿಂತ ಶ್ರೀಶೈಲಪ್ಪನ ಮುಖ ನೋಡಿದರು. ರೇಣವ್ವ ಬೆನ್ನು ಬಗ್ಗಿಸಿಕೊಂಡೇ ಕಾದಳು.

“ನಾ ಮಂದಿ ಬಾಯಾಗ ನಗಸಾಟಿಗಿ ಆಗಿದ್ದು ಸಾಲಲಿಲ್ಲೇನಕ್ಕಾ?” ಅಂದ ಅವನು. “ನನ್ನ ಮಗನೂ ಆಗಬೇಕಾ?”

ಅವನ ಹಿಂದೆ ಅಂಗಳದ ತುಂಬ ಬಸ್ಸಿನ ಮಂದಿ ನಿಂತಿದ್ದರು. ಫಕೀರಸಾಬ ಮೆಲ್ಲಗೆ ಅಂದ: “ಸಾಹೇಬ್ರ, ಹದಿನೆಂಟು ವರ್ಷ ಗಾಡಿ ಹೊಡದೇನಿ. ನೂಕ್ರಿ ಅಂದ್ರ ನಾಕು ಮಂದಿ ಇಳೀತಾರ. ಪರಪ್ಪ ಹಾಕ್ರಿ ಅಂದ್ರ ಒಬ್ಬಾಂವನೂ ಕುಂದರೂದಿಲ್ಲ.”

ಶ್ರೀಶೈಲಪ್ಪ ಹೊರಳಿ ನೋಡಿದ. ಮಾಸ್ತರರ ಬಿಳಿ ಅಂಗಿಯ ಹೆಗಲಿಗೆ ಧೂಳು ಮೆತ್ತಿತ್ತು. ಅಕ್ಕನ ಹೆಗಲಿಗೂ ಅದೇ ಧೂಳು. ಅವನು ಹೆಂಗಸರನ್ನು ಸರಿಸಿ ತೊಟ್ಟಿಲ ಹತ್ತಿರ ಬಂದ. ಗಂಡಸರು ಮಾಡುವ ಕೆಲಸವಲ್ಲ ಅದು, ಆದರೂ ಮುಷ್ಟಿ ಎತ್ತಿ ಅಕ್ಕನ ಬೆನ್ನಿಗೆ ಧಬ್ ಎಂದು ಒಂದು ಗುದ್ದಿದ.

ಆಮೇಲೆ ಕೇಳುತ್ತೀರಾ! ಕಸ್ತೂರೆವ್ವ ಗುದ್ದಿದಳು, ಸೀತವ್ವ ತನ್ನ ಪಾಲಿನದಕ್ಕಿಂತ ಒಂದು ಹೆಚ್ಚೇ ಗುದ್ದಿದಳು, ರೇಣವ್ವ ನಗುತ್ತ ತೊಟ್ಟಿಲ ಸರಪಳಿ ಹಿಡಿದು ನಿಂತಳು.

ಅಷ್ಟರಲ್ಲಿ ಹೊರಗೆ ಗುಡುಗುಡು ಅನ್ನುತ್ತಿದ್ದ ಬಸ್ಸು ತಣ್ಣಗಾಯಿತು. ಫಕೀರಸಾಬ ಹಣೆ ಚಚ್ಚಿಕೊಂಡ. ಶ್ರೀಶೈಲಪ್ಪ ಬಗ್ಗಿ ಹೊಸ ಟೆರಿಲಿನ್ ಪ್ಯಾಂಟಿನ ಕಾಲು ಮಡಚತೊಡಗಿದ.

“ಎಲ್ಲಿಗೆ ಹೊಂಟ್ರಿ? ಆರತಿ ಆಗಿಲ್ಲ ಇನ್ನಾ,” ಅಂದಳು ಕಸ್ತೂರೆವ್ವ.

“ಪರಪ್ಪ ಹಾಕಿ ಬರ್ತೇನಿ,” ಅಂದು ಅವನು ಅಂಗಳಕ್ಕಿಳಿದ.