ಮೊದಲೇ ಟೈಪಾಗಿದ್ದ ಸಾಲು

ಚಟ್ಟ ಹೊತ್ತವರು ಹೆಗಲು ಬದಲಿಸಲು ತೋಟದ ಬದುವಿನ ಮೇಲೆ ನಿಂತಾಗ ವನಜಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಲುವೆ ದಾಟಿದಳು. ದಂಡಿನಶಿವರಕ್ಕೆ ಅವಳು ಬಂದದ್ದು ಇದೇ ಮೊದಲು. ಚಟ್ಟದ ಮೇಲಿದ್ದ ಹನುಮಂತರಾಯರು ತಿಪಟೂರಿನ ಬಸ್ ನಿಲ್ದಾಣದ ಹಿಂದೆ ಮೂವತ್ತೆಂಟು ವರ್ಷ ಟೈಪಿಂಗ್ ಅಂಗಡಿ ನಡೆಸಿದ್ದರು. ಸುತ್ತಲಿನ ಕಾಲೇಜುಗಳವರ ಪಿಎಚ್‌ಡಿ ಪ್ರಬಂಧಗಳಲ್ಲಿ ಅರ್ಧದಷ್ಟು ಅವರ ಬೆರಳಿನಿಂದಲೇ ಹೊರಟಿದ್ದವು.

“ಎಷ್ಟು ಜನಕ್ಕೆ ಡಾಕ್ಟ್ರು ಪಟ್ಟ ಕೊಡಿಸ್ದ ನೋಡು,” ಹೆಗಲು ಕೊಟ್ಟಿದ್ದ ಒಬ್ಬ ಅಂದ. “ತಾನು ಮಾತ್ರ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂರು ಸಲ ಬಿದ್ದ.”

“ನಾಕು ಸಲ ಕಣ್ಲಾ,” ಅಂದ ಮಾಯಣ್ಣ, ಸತ್ತವರ ಅಣ್ಣ. “ನಾಕ್ನೇ ಸಲ ತುರುವೇಕೆರೆಗೆ ಸೈಕಲ್ಲಲ್ಲಿ ಕೂರಿಸ್ಕೊಂಡು ಹೋದೋನು ನಾನು. ದಾರೀಲೇ ಹೇಳಿದ್ದ, ಅಣ್ಣ, ವಾಪಸ್ ಹೋಗುಮ ಅಂತ.”

ನಗು ಬಂದವರು ತಲೆ ತಗ್ಗಿಸಿದರು. ವನಜಾಳ ಕಾಲೇಜಿನ ರುದ್ರೇಶ್ ಹತ್ತಿರ ಬಂದು ದನಿ ಇಳಿಸಿದ.

“ನಾಳೆ ಸಬ್ಮಿಟ್ ಅಲ್ವಾ ಮೇಡಂ? ಕಾಪಿ ಚೆಕ್ ರಿಪೋರ್ಟ್ ಎಷ್ಟು ಬಂತು?”

“ಸೊನ್ನೆ.”

“ನಂದೂ ಸೊನ್ನೇನೇ ಬಂದಿತ್ತು. ರಾಯ್ರು ಒಪ್ಪದಿದ್ರೇನಂತೆ, ಟೈಪ್ ಮಾಡಕ್ಕೆ ಪಕ್ಕದಂಗಡಿ ಇಲ್ವಾ?”

ಅವಳು ಚಟ್ಟದ ಹಿಂದೆ ಹೆಜ್ಜೆ ಹಾಕಿದಳು. ನಾಳೆ ಪ್ರಬಂಧ ಒಪ್ಪಿಸದಿದ್ದರೆ ಜೂನ್‌ನಿಂದ ಅವಳಿಗೆ ಕೆಲಸವಿಲ್ಲ. ಪಿಎಚ್‌ಡಿ ಪ್ರಬಂಧ ಒಪ್ಪಿಸದ ಅತಿಥಿ ಉಪನ್ಯಾಸಕರನ್ನು ಕಾಲೇಜು ಮುಂದುವರಿಸುವುದಿಲ್ಲ ಎಂದು ಬರವಣಿಗೆಯಲ್ಲೇ ತಿಳಿಸಿತ್ತು.

*

ಮೂರು ವಾರದ ಹಿಂದೆ ಹನುಮಂತರಾಯರು ಅವಳ ಮೂರನೇ ಅಧ್ಯಾಯವನ್ನು ಟೈಪ್ ಮಾಡುತ್ತಿದ್ದರು. ತೆಂಗು ಬೆಳೆಯುವವರ ಕೆಲಸದ ಬಗ್ಗೆ ಬರೆದ ಅಧ್ಯಾಯ. ಪ್ರತಿ ಸಾಲನ್ನೂ ಬಾಯಲ್ಲಿ ಹೇಳಿಕೊಂಡು ಹೊಡೆಯುವುದು ಅವರ ರೂಢಿ. ‘ಅಟ್ಟದಲ್ಲಿಟ್ಟ ಕಾಯಿ ಆರು ತಿಂಗಳಿಗೆ ಕೊಬ್ಬರಿಯಾಗುತ್ತದೆ’ ಎಂಬಲ್ಲಿಗೆ ಬಂದವರು ನಿಂತರು.

“ಮೇಡಂ, ಈ ಸಾಲ್ನ ನಾನು ಮುಂಚೇನೇ ಹೊಡ್ದಿದೀನಿ. ಹತ್ತು ವರ್ಷ ಆಯ್ತು. ಬೇರೆಯವರಿಗೆ.”

“ವಿಷಯ ಒಂದೇ ಆದರೆ ಸಾಲೂ ಒಂದೇ ಇರಬಹುದಲ್ಲ?”

“ಇರಬೋದು. ಆದ್ರೆ ತಪ್ಪೂ ಒಂದೇ ಇರಲ್ಲ. ನಮ್ಮಟ್ಟದಲ್ಲಿ ಕಾಯಿ ಕೊಬ್ರಿ ಆಗಕ್ಕೆ ವರ್ಷ ಹಿಡೀತದೆ. ಆವತ್ತೂ ಆರು ತಿಂಗಳು ಅಂತಿತ್ತು. ಬರ್ದೋರು ದೊಡ್ಡೋರು, ನಾನು ಬಾಯಿ ಬಿಡ್ಲಿಲ್ಲ.”

ವನಜಾಳ ಕಿವಿ ಬಿಸಿಯಾಯಿತು. ಆ ಅಧ್ಯಾಯದ ಇಪ್ಪತ್ತೆರಡು ಪುಟಗಳನ್ನು ಅವಳು ಒಂದೇ ರಾತ್ರಿ ಬೇರೊಂದು ಪ್ರಬಂಧದಿಂದ ಇಳಿಸಿಕೊಂಡಿದ್ದಳು.

“ಅವರ ಮಾತೇ ಬೇಕಂದ್ರೆ ಅವರ ಹೆಸರು ಹಾಕಿ. ಇಲ್ಲ, ನಮ್ಮೂರಿಗೆ ಬನ್ನಿ. ನಮ್ಮಣ್ಣ ಅವ್ನೆ, ಕೇಳಿ ಬರ್ಕೊಳಿ.”

“ಸಮಯ ಇಲ್ಲ. ಹಳೇ ಫಾಂಟಿನಲ್ಲಿ ಹೊಡೆದುಕೊಡಿ.”

ಕಾಪಿ ಹಿಡಿಯುವ ತಪಾಸಣೆಯ ತಂತ್ರಾಂಶ ಓದುವುದು ಯೂನಿಕೋಡ್ ಅಕ್ಷರಗಳನ್ನು ಮಾತ್ರ. ಹಳೆಯ ಫಾಂಟಿನಲ್ಲಿ ಹೊಡೆದದ್ದು ಕಣ್ಣಿಗೆ ಕನ್ನಡ, ತಂತ್ರಾಂಶಕ್ಕೆ ಅರ್ಥವಿಲ್ಲದ ಗುರುತುಗಳ ರಾಶಿ. ಏನನ್ನು ಎತ್ತಿಕೊಂಡಿದ್ದರೂ ಹೋಲಿಕೆ ಸೊನ್ನೆಯೇ. ಹನುಮಂತರಾಯರಿಗೂ ಅದು ಗೊತ್ತಿತ್ತು.

“ಅದನ್ನ ನಾನು ಮಾಡಲ್ಲ ಮೇಡಂ,” ಎಂದು ಹಾಳೆಗಳನ್ನು ಅಂಚು ಕೂಡಿಸಿ ಕೊಟ್ಟರು.

“ನೀವು ಟೈಪ್ ಮಾಡುವವರು, ಪರೀಕ್ಷಕರಲ್ಲ,” ಅಂದಿದ್ದಳು ಅವಳು.

*

ಎಲ್ಲರೂ ಮೂರು ಹಿಡಿ ಮಣ್ಣು ಹಾಕಿದರು. ಪಂಪ್‌ಸೆಟ್ಟಿನ ನೀರಲ್ಲಿ ಕೈಕಾಲು ತೊಳೆದು ಮನೆಗೆ ಬಂದಾಗ, ಜಗಲಿಯಲ್ಲಿ ಕೂತಿದ್ದ ರಾಯರ ಹೆಂಡತಿ ಕಾಳಕ್ಕ ಅವಳನ್ನು ದಿಟ್ಟಿಸಿದರು.

“ನೀವೇ ಅಲ್ವಾ ಕೊಬ್ರಿ ಮೇಡಂ?”

ವನಜಾಳಿಗೆ ಆ ಹೆಸರು ಅರ್ಥವಾಗಲಿಲ್ಲ.

“ಕೊಬ್ರಿ ವಿಚಾರ ಬರೀತಾರೆ, ಅಟ್ಟ ನೋಡಕ್ಕೆ ಊರಿಗೆ ಬತ್ತಾರೆ ಅಂತಿದ್ರು. ಹದಿನೈದು ದಿನದಿಂದ ಕಾಯಿ ಸುಲಿಸಕ್ಕೇ ಬುಡ್ಲಿಲ್ಲ. ಸುಲಿಯೋರು ಬಂದು ಎರಡು ಸಲ ವಾಪಸ್ ಹೋದ್ರು.”

“ನನ್ನ ಬರಹದ ಬಗ್ಗೆ ಬೇರೆ ಏನಾದರೂ ಹೇಳಿದ್ದರಾ?”

“ಇನ್ನೇನು ಹೇಳ್ತಾರೆ? ಚೆನ್ನಾಗ್ ಬರೀತಾರೆ ಅಂದ್ರು.”

ವನಜಾ ಅಂಗಳದ ಮೂಲೆಗೆ ಹೋದಳು. ಫೋನಿನಲ್ಲಿ ತನ್ನ ಮಾರ್ಗದರ್ಶಕರಿಗೆ ಬರೆದಳು: ‘ಮೂರನೇ ಅಧ್ಯಾಯ ನನ್ನದಲ್ಲ. ನಾಳೆ ಒಪ್ಪಿಸುತ್ತಿಲ್ಲ.’ ಕಳಿಸುವ ಮೊದಲು ಎರಡು ಸಲ ಓದಿದಳು. ಕಳಿಸಿದ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಅದನ್ನು ಬ್ಯಾಗಿನ ತಳಕ್ಕೆ ಹಾಕಿದಳು.

“ಏನವ್ವ, ಮೈಗೆ ಹುಷಾರಿಲ್ವಾ?” ಒದ್ದೆ ಪಂಚೆ ಹಿಂಡುತ್ತ ಮಾಯಣ್ಣ ಕೇಳಿದ.

“ಮಾಯಣ್ಣೋರೆ, ಇವತ್ತು ಕೇಳಬಾರದು. ಆದರೂ… ಅಟ್ಟದ ಕಾಯಿ ಕೊಬ್ಬರಿ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?”

ಅವನು ಪಂಚೆಯನ್ನು ಹಗ್ಗದ ಮೇಲೆ ಹರವಿದ. ಆಮೇಲೆ ಒಳಗೆ ಹೋಗಿ ಏಣಿ ಹತ್ತಿ, ಸಿಪ್ಪೆಯಿದ್ದ ಎರಡು ಕಾಯಿಗಳನ್ನು ತಂದ. ಒಂದನ್ನು ಅವಳ ಕಿವಿಯ ಹತ್ತಿರ ಅಲ್ಲಾಡಿಸಿದ.

“ಏನು ಕೇಳುಸ್ತು?”

“ನೀರು.”

“ಇದು ಆಗಿಲ್ಲ. ನೀರೆಲ್ಲ ಇಂಗಿ, ಒಳಗೆ ಕೊಬ್ರಿ ಚಿಪ್ಪು ಬುಟ್ಟು ಉರುಳ್ಬೇಕು.”

ವನಜಾ ಪುಸ್ತಕ ತೆಗೆದು ಅವನ ಹೆಸರು, ಊರು, ಆ ದಿನದ ತಾರೀಖು ಬರೆದಳು. ಕೆಳಗೆ ಒಂದು ಸಾಲು ಬರೆದು ಓದಿದಳು: “ಹನ್ನೆರಡು ತಿಂಗಳಿಗೆ ಕಾಯಿ ಒಣಗಿ ಕೊಬ್ಬರಿಯಾಗುತ್ತದೆ.”

“ತಿಂಗಳು ಅಂತ ಯಾಕ್ ಬರ್ಕೊಂಡೆ? ನಾನು ಹೇಳಿದ್ನಾ?” ಅಂದ ಮಾಯಣ್ಣ. “ಬಿಸಿಲು ಜಾಸ್ತಿಯಾದ್ರೆ ಬೇಗ, ಮಳೆ ಹಿಡ್ಕೊಂಡ್ರೆ ತಡ. ಕಿವೀಲಿ ಕೇಳ್ಬೇಕು ಕಣವ್ವ.”

ಅವಳು ಆ ಸಾಲನ್ನು ಹೊಡೆದುಹಾಕಿದಳು. ಎರಡನೇ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಅಲ್ಲಾಡಿಸಿದಳು. ಒಳಗೆ ಗುಂಡಗಿನದೇನೋ ಚಿಪ್ಪಿಗೆ ತಾಗಿ ಗಡಗಡ ಉರುಳಿತು.