ತೂಗಾಡುವ ದುರ್ಬೀನು

ಗುಂಡು ತಗುಲಿ ನೆಲಕ್ಕೆ ಬಿದ್ದವನು ಒಂದು ಬಾಟಲಿ ಶರಬತ್ತು ಕುಡಿದು ಎದ್ದು ಓಡುವ ಫೋನಿನ ಆಟ ಅದು. ಮೂರನೇ ಮಹಡಿಯಿಂದ ಜಿಗಿದರೂ ಅಲ್ಲಿ ಯಾರ ಕಾಲೂ ಮುರಿಯುವುದಿಲ್ಲ. ಅಂಥ ಆಟಕ್ಕೆ ನೈಜತೆ ಬೇಕಾಯಿತಂತೆ, ಅದೂ ಬಂದೂಕು ಹಿಡಿದ ಕೈಯಲ್ಲಿ ಮಾತ್ರ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಡುತ್ತಿದ್ದವರು ನಾವು ಮೂವರು, ಆಡುವಷ್ಟು ಹೊತ್ತೂ ಒಬ್ಬರ ದನಿ ಒಬ್ಬರಿಗೆ ಫೋನಿನಲ್ಲಿ ಕೇಳುತ್ತಿತ್ತು. ಬೀದರದ ನೌಬಾದದಿಂದ ನಾನು, ಔರಾದದ ತನ್ನ ಔಷಧಿ ಅಂಗಡಿಯಿಂದ ನನ್ನ ಕಾಲೇಜಿನ ಗೆಳೆಯ ಪರಾಗ, ಭಾಲ್ಕಿಯಿಂದ ಕಲೀಮ ಮಾಮು. ಮಾಮು ನನ್ನ ಅಮ್ಮನ ಅಣ್ಣ. ಅವರು ಹೊಲಿದ ಶೇರ್ವಾನಿ ತೊಟ್ಟು ಮದುವೆಯಾದವರು ಭಾಲ್ಕಿಯ ಗಲ್ಲಿ ಗಲ್ಲಿಯಲ್ಲಿದ್ದಾರೆ. ಕೈ ನಡುಗುವ ಕಾಯಿಲೆ ಬಂದಮೇಲೆ ಕತ್ತರಿ ಕೆಳಗಿಟ್ಟರು. ಈಗ ಅವರಿಗೆ ಚಹಾ ಕೂಡ ಬಟ್ಟಲು ತುಂಬ ಕೊಡುವಂತಿಲ್ಲ, ಕೆಳಗಿನ ಬಸಿಗೆ ಚೆಲ್ಲಿಹೋಗುತ್ತದೆ.

ಆಟದಲ್ಲಿ ಮಾತ್ರ ಅವರ ಗುರಿ ನಡುಗುತ್ತಿರಲಿಲ್ಲ. ಫೋನನ್ನು ದಿಂಬಿಗೆ ಆನಿಸಿಟ್ಟು, ದುರ್ಬೀನು ಕಟ್ಟಿದ ಉದ್ದ ಬಂದೂಕನ್ನು ದೂರದ ಯಾವುದೋ ಬಾಗಿಲಿಗೆ ಹೂಡಿ ಸುಮ್ಮನೆ ಕಾಯುತ್ತಿದ್ದರು. ಗುರಿ ಇಟ್ಟಲ್ಲೇ ನಿಲ್ಲುತ್ತಿತ್ತು. ಬಾಗಿಲಲ್ಲಿ ಯಾರಾದರೂ ಕಂಡಾಗ ಪರದೆಗೆ ಬೆರಳು ಒಮ್ಮೆ ತಾಗಿದರೆ ಸಾಕು, ನಡುಗುವ ಬೆರಳಿಗೂ ಅಷ್ಟು ಬರುತ್ತದೆ. ಹೀಗಾಗಿ ನಮ್ಮಲ್ಲಿ ಒಂದು ರೂಢಿ ಬಿದ್ದಿತ್ತು. ಆ ಬಂದೂಕು ಯಾರಿಗೇ ಸಿಗಲಿ, ಓಡಿಹೋಗಿ ಮಾಮುವಿನ ಕಾಲ ಬಳಿ ಇಟ್ಟು, "ಸಲಾಂ ಮಾಮು, ತಗೋರಿ" ಅನ್ನಬೇಕು. ಮನೆಯಲ್ಲಿ ನಮ್ಮದು ಉರ್ದು, ಪರಾಗನಿಗಾಗಿ ಆಟದಲ್ಲಿ ಕನ್ನಡ. ಒಮ್ಮೆ ಕೊಟ್ಟಮೇಲೆ ಹಿರಿಯರ ಕೈಯಿಂದ ಅದನ್ನು ಮರಳಿ ಕೇಳುವ ಮಾತೇ ಇರಲಿಲ್ಲ.

ರಂಜಾನ್ ಮುಗಿದ ವಾರ ಕಂಪನಿ ಆಟವನ್ನು ಬದಲಿಸಿತು. ಕೂತಲ್ಲೇ ಕೊಲ್ಲುವವರಿಂದ ಉಳಿದವರಿಗೆ ಅನ್ಯಾಯ, ಸಮತೋಲನ ಬೇಕು ಎಂದು ಕೆಲವರು ದೂರಿದ್ದರಂತೆ. ಮನುಷ್ಯ ಉಸಿರಾಡಿದರೆ ಬಂದೂಕು ಅಲುಗಬೇಕಲ್ಲ ಎಂಬುದು ಇನ್ನು ಕೆಲವರ ಚಿಂತೆ. ಕಂಪನಿ ಇಬ್ಬರನ್ನೂ ಒಂದೇ ಏಟಿಗೆ ಸಮಾಧಾನ ಮಾಡಿತು. ಈಗ ದುರ್ಬೀನಿಗೆ ಕಣ್ಣಿಟ್ಟರೆ ಗುರಿ ತಾನಾಗಿಯೇ ತೂಗಾಡುತ್ತದೆ. ಅದನ್ನು ಬೆರಳಿನಿಂದ ನಯವಾಗಿ ಎದುರು ದಿಕ್ಕಿಗೆ ಎಳೆದು ಹಿಡಿಯಬೇಕು.

ಹಾಗೆ ಬದಲಾದ ಮೊದಲ ದಿನ ಪರಾಗ ಮಾಮುವನ್ನು ನಂಬಿ ಬಯಲು ದಾಟಿದ. ಮಾಮು ಹೊಡೆದ ಗುಂಡುಗಳೆಲ್ಲ ಗೋಡೆಗೆ ಬಿದ್ದವು. ಪರಾಗ ಸತ್ತ.

"ಕನ್ನಡಕ ಬದಲಿ ಮಾಡಬೇಕಾಗ್ಯಾದ," ಎಂದರು ಮಾಮು.

"ಹೌದರಿ ಮಾಮು, ಬಿಸಿಲೂ ಭಾಳ ಇತ್ತು," ಎಂದ ಪರಾಗ, ಆಟದಲ್ಲಿ ಬಿಸಿಲು ಕಣ್ಣಿಗೆ ಹೊಡೆಯುವ ಹಾಗೆ.

ಆಮೇಲೆ ನನಗೊಬ್ಬಳಿಗೇ ಫೋನು ಮಾಡಿದ. "ಇರಮ, ಹಳೇ ಆಟನೇ ಇಟ್ಕೊಳ್ಳಾಕ ಬರಂಗಿಲ್ಲೇನು?"

"ಹೊಸದು ಹಾಕ್ಕೊಳ್ಳಲಿಲ್ಲಂದ್ರ ಆಟನೇ ತೆರಿಯಂಗಿಲ್ಲ."

ಕಂಪನಿಗೆ ಬರೆದೆ. ಮಾಮುವಿನ ಕೈಯ ವಿಷಯವನ್ನೂ ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಹೊಸ ನೈಜ ಅನುಭವವನ್ನು ಆನಂದಿಸಿ ಎಂದು ಯಂತ್ರದ ಉತ್ತರ ಬಂತು. ಜಗಳ ತೆಗೆಯೋಣವೆಂದರೆ ಎದುರಿಗೆ ಮನುಷ್ಯರೇ ಇಲ್ಲ.

ಕೊನೆಗೆ ನಾನು, ಪರಾಗ ಸೇರಿ ಒಂದು ನಿರ್ಧಾರಕ್ಕೆ ಬಂದೆವು. ಆ ಬಂದೂಕು ಕಂಡರೂ ಕಾಣದವರಂತೆ ಮುಂದೆ ಹೋಗುವುದು.

"ಎಲ್ಲೂ ಸಿಗಲಿಲ್ಲೇನು ಬೇಟಾ?" ಎಂದು ಮಾಮು ಪ್ರತಿ ಆಟದಲ್ಲೂ ಕೇಳುತ್ತಿದ್ದರು.

"ಇಲ್ಲರಿ ಮಾಮು."

ಕಳೆದ ರವಿವಾರ ಒಂದು ಹಾಳು ಮನೆಯಲ್ಲಿ ಬಂದೂಕು ಬಿದ್ದಿತ್ತು. ದಾಟಿಕೊಂಡು ಅಂಗಳಕ್ಕೆ ಬಂದೆ. ಮಾಮು ನನ್ನ ಹಿಂದೆಯೇ ಇದ್ದದ್ದು ಗೊತ್ತಾಗಲಿಲ್ಲ. ತುಸು ಹೊತ್ತಿಗೆ ಅವರ ಬೊಂಬೆ ಬಂದು ನನ್ನೆದುರು ನಿಂತಿತು. ಬಂದೂಕು ನನ್ನ ಕಾಲ ಬಳಿ ಬಿತ್ತು.

"ಸಲಾಂ ಬೇಟಾ, ತಗೋ."

"ನನಗ್ಯಾಕ್ರಿ ಮಾಮು, ಅದು ನಿಮ್ದು."

"ತಗೋ ಅಂದೆ."

ಹಿರಿಯರು ಕೊಟ್ಟದ್ದನ್ನು ಬೇಡ ಅನ್ನುವುದನ್ನು ನಮಗೆ ಯಾರೂ ಕಲಿಸಿಲ್ಲ. ಎತ್ತಿಕೊಂಡೆ.

"ನಾ ಬಾಗಿಲದಾಗ ನಿಂದ್ರತೇನಿ. ನನ್ನ ಮ್ಯಾಲೆ ಗುರಿ ಹಿಡಿ ನೋಡೋಣ."

ದುರ್ಬೀನಿನೊಳಗೆ ಬಾಗಿಲು ತೂಗಾಡಿತು, ಬಾಗಿಲಲ್ಲಿ ನಿಂತ ಮಾಮುವೂ ತೂಗಾಡಿದರು. ನನ್ನ ಬೆರಳು ಅದನ್ನು ಎಳೆದು ನಿಲ್ಲಿಸಿತು. ಇಷ್ಟು ಸುಲಭವೇ ಎಂದು ಅಳು ಬಂತು.

"ನಿಂತದೇನು?"

ಇಲ್ಲ ಅನ್ನಬೇಕೆಂದುಕೊಂಡೆ. ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ನಿಂತದರಿ, ಮಾಮು."

"ಹಾಂ," ಎಂದರು.

ಅಷ್ಟರಲ್ಲಿ ಭಾಲ್ಕಿಯಲ್ಲಿ ಯಾರೋ ಅವರಿಗೆ ಚಹಾ ತಂದುಕೊಟ್ಟರು. ಬಟ್ಟಲು ಬಸಿಗೆ ತಾಗಿ ತಾಗಿ ಸದ್ದು ಮಾಡುವುದು ಕೇಳುತ್ತಲೇ ಇತ್ತು. ನಾನು ಗುರಿ ಇಳಿಸದೆ ಹಾಗೇ ಹಿಡಿದುಕೊಂಡಿದ್ದೆ.